ಒಂದು ತಾರಸಿ, ಹನ್ನೆರಡು ಮೀಟರ್: ಸೋಲಾರ್ ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ನಮ್ಮ ಕಟ್ಟಡದಲ್ಲಿ 12 ಮನೆ, 12 ಆರ್‌ಆರ್ ನಂಬರ್. ತಾರಸಿ ಒಂದೇ, 1,800 ಚದರಡಿ ಖಾಲಿ ಇದೆ. ನಾಲ್ಕು ಮನೆಯವರು ಬಾಡಿಗೆಗೆ ಇದ್ದಾರೆ. ಎಲ್ಲರೂ ಸೇರಿ ಒಂದೇ ಘಟಕ ಹಾಕಿಸಿ ಯೂನಿಟ್ ಹಂಚಿಕೊಳ್ಳಬೇಕೆಂದಿದ್ದೇವೆ. ಎಷ್ಟು ಕಿಲೋವ್ಯಾಟ್ ಬೇಕು, ಕಾನೂನು ಏನು ಹೇಳುತ್ತದೆ, ಎಲ್ಲಿ ಕೆಡುತ್ತದೆ? ತಿಳಿದವರು ಹೇಳಿ.

ಉತ್ತರ 1 (ಅಳವಡಿಕೆ ಕೆಲಸದವರು, ದಾವಣಗೆರೆ): ಮೊದಲು ಹನ್ನೆರಡೂ ಮನೆಗಳ ಹಿಂದಿನ 12 ತಿಂಗಳ ಬಿಲ್ ತಂದು ಯೂನಿಟ್ ಕೂಡಿಸಿ. ಮನೆಗೆ ತಿಂಗಳಿಗೆ ಸರಾಸರಿ 130 ಯೂನಿಟ್ ಅಂದರೂ ಒಟ್ಟು 1,560. ನಮ್ಮ ಕಡೆ 1 ಕಿಲೋವ್ಯಾಟ್‌ಗೆ ವರ್ಷಕ್ಕೆ ಸುಮಾರು 1,400 ಯೂನಿಟ್ ಹಿಡಿಯಬಹುದು. 15 ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ ಸರಾಸರಿ 1,750. ಮಳೆಗಾಲದಲ್ಲಿ ಇಳಿಯುತ್ತದೆ, ಮಾರ್ಚ್-ಏಪ್ರಿಲ್‌ನಲ್ಲಿ ಏರುತ್ತದೆ. 540 ವ್ಯಾಟಿನ ಪ್ಯಾನೆಲ್ 28 ಬೇಕು, ಜಾಗ 1,500 ಚದರಡಿ. ದಕ್ಷಿಣಕ್ಕೆ ಮುಖ, 14-15 ಡಿಗ್ರಿ ಓರೆ. 14ರಂತೆ ಎರಡು ಸ್ಟ್ರಿಂಗ್ (ಒಂದರ ಹಿಂದೊಂದು ಜೋಡಿಸಿದ ಪ್ಯಾನೆಲ್ ಸಾಲು) ಮಾಡಿ, ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿಸುವ ಮೂರು ಫೇಸಿನ 15 ಕಿಲೋವ್ಯಾಟ್ ಇನ್ವರ್ಟರ್‌ಗೆ ಕೊಡಿ. ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಆ ಇಡೀ ಸ್ಟ್ರಿಂಗ್ ಸೊರಗುತ್ತದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ತಾರಸಿಗೆ ಹೋಗಿ ನೆರಳು ಎಲ್ಲಿಗೆ ಬರುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರಾಚೆಗೆ ಪ್ಯಾನೆಲ್ ಇಡಿ.

ಅರ್ಥಿಂಗ್ ಮೂರು ಬೇಕು: ಡಿಸಿ ಬದಿಗೆ, ಎಸಿ ಬದಿಗೆ, ಸಿಡಿಲು ನಿರೋಧಕಕ್ಕೆ. ಮೂರನ್ನೂ ಒಂದೇ ಗುಂಡಿಗೆ ಇಳಿಸಿ ಕೈತೊಳೆದುಕೊಳ್ಳುವವರಿದ್ದಾರೆ, ಒಪ್ಪಬೇಡಿ. ಸಿಡಿಲು ಹೊಡೆದ ದಿನ ಇನ್ವರ್ಟರ್ ಸುಡುವುದು ಅಲ್ಲೇ.

ಉತ್ತರ 2 (ವಿದ್ಯುತ್ ನಿಯಮ ಬಲ್ಲವರು): ಮಾಮೂಲಿ ನೆಟ್ ಮೀಟರಿಂಗ್‌ನಲ್ಲಿ ಒಂದು ಘಟಕಕ್ಕೆ ಒಂದು ಮೀಟರ್, ಉತ್ಪಾದಿಸಿದ ಯೂನಿಟ್ ಆ ಒಂದೇ ಮೀಟರಿನ ಬಿಲ್ಲಿನಲ್ಲಿ ಕಳೆಯುತ್ತದೆ. ನಿಮಗೆ ಬೇಕಾದದ್ದು ವರ್ಚುವಲ್ ನೆಟ್ ಮೀಟರಿಂಗ್: ಘಟಕದ ಉತ್ಪಾದನೆ ಒಂದು ಮೀಟರಿನಲ್ಲಿ ದಾಖಲಾಗಿ, ಒಪ್ಪಿದ ಪಾಲಿನಂತೆ ಬೇರೆ ಬೇರೆ ಆರ್‌ಆರ್ ನಂಬರಿನ ಬಿಲ್ಲಿನಲ್ಲಿ ಕಳೆಯುವುದು. ದೆಹಲಿಯ ವಿದ್ಯುತ್ ನಿಯಂತ್ರಣ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿತು. ಅಮೆರಿಕದ ಕೊಲೊರಾಡೊ 2010ರಲ್ಲಿ, ಮಿನೆಸೊಟಾ 2013ರಲ್ಲಿ ಶಾಸನವನ್ನೇ ತಂದವು. ಮಿನೆಸೊಟಾದ 2013ರ ಆ ಮೂಲ ಕಾನೂನು ಓದುವಂಥದ್ದು: ಕನಿಷ್ಠ 5 ಚಂದಾದಾರರು ಇರಬೇಕಿತ್ತು, ಒಬ್ಬರಿಗೇ ಶೇ 40ಕ್ಕಿಂತ ಹೆಚ್ಚು ಪಾಲು ಇರುವಂತಿರಲಿಲ್ಲ, ತನ್ನ ವರ್ಷದ ಬಳಕೆಯ ಶೇ 120ಕ್ಕಿಂತ ಹೆಚ್ಚು ಪಡೆಯುವಂತಿರಲಿಲ್ಲ. ಉಳ್ಳವರೊಬ್ಬರೇ ಘಟಕ ನುಂಗದಂತೆ ಹಾಕಿದ್ದ ಬೇಲಿ ಅದು.

ಅರ್ಜಿಗೆ ಮೊದಲು ಆ ದಿನ ಜಾರಿಯಲ್ಲಿರುವ ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ನಿಯಮದ ಪ್ರತಿ ತೆಗೆದು ಮೂರು ಮಾತು ಹುಡುಕಿ: ಪಾಲು ಎಷ್ಟು ಸಲ ಬದಲಿಸಬಹುದು, ಉಳಿಕೆ ಯೂನಿಟ್ ವರ್ಷದ ಕೊನೆಗೆ ಏನಾಗುತ್ತದೆ, ಎಲ್ಲ ಮೀಟರ್ ಒಂದೇ ಉಪವಿಭಾಗದಲ್ಲಿರಬೇಕೇ. ಕೇಂದ್ರದ ವಿದ್ಯುತ್ ಗ್ರಾಹಕ ಹಕ್ಕುಗಳ ನಿಯಮದ 2024ರ ತಿದ್ದುಪಡಿಯಂತೆ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಡ. ನಿಮ್ಮದು 15 ಆದ್ದರಿಂದ ಪರಿಶೀಲನೆ ಇದೆ, ಅದಕ್ಕೆ 15 ದಿನದ ಗಡುವೂ ಇದೆ.

ಸಬ್ಸಿಡಿ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಕೇಂದ್ರದ ತಾರಸಿ ಸೋಲಾರ್ ಯೋಜನೆಯಾದ ಪಿಎಂ ಸೂರ್ಯಘರ್‌ನಲ್ಲಿ ಒಂಟಿ ಮನೆಗೆ 3 ಕಿಲೋವ್ಯಾಟ್ ಮತ್ತು ಮೇಲಕ್ಕೆ ₹78,000. ನಿವಾಸಿಗಳ ಸಂಘಕ್ಕೆ ಕಿಲೋವ್ಯಾಟ್‌ಗೆ ₹18,000, ಅದೂ ಬೋರ್‌ವೆಲ್ ಪಂಪ್, ಲಿಫ್ಟ್, ಮೆಟ್ಟಿಲ ದೀಪದಂಥ ಸಾಮಾನ್ಯ ಸೌಲಭ್ಯಕ್ಕೆ. ಗುತ್ತಿಗೆದಾರ ಎರಡನ್ನೂ ಕಲಸಿ ಲೆಕ್ಕ ಕೊಟ್ಟರೆ ನಂಬಬೇಡಿ.

ಉತ್ತರ 3 (ಸಂಘದ ಲೆಕ್ಕಪತ್ರ ನೋಡುವವರು, ಚಿತ್ರದುರ್ಗ): ಪ್ಯಾನೆಲ್‌ನಿಂದ ಜಗಳ ಬರುವುದು ಕಡಿಮೆ, ಪಾಲಿನ ಪಟ್ಟಿಯಿಂದ ಬರುವುದೇ ಹೆಚ್ಚು. ಸಮಪಾಲು ನ್ಯಾಯ ಎನಿಸಿದರೂ ಲೆಕ್ಕ ಬೇರೆ ಹೇಳುತ್ತದೆ. 1,750 ಯೂನಿಟ್ 12 ಮನೆಗೆ ಹಂಚಿದರೆ ತಲಾ 145 ಚಿಲ್ಲರೆ. 70 ಯೂನಿಟ್ ಉರಿಸುವ ಮನೆಯ ಖಾತೆಯಲ್ಲಿ 75 ಉಳಿಯುತ್ತದೆ, 260 ಉರಿಸುವ ಪಕ್ಕದ ಮನೆಗೆ 115 ಕಡಿಮೆ ಬೀಳುತ್ತದೆ. ಒಬ್ಬರ ಉಳಿಕೆ ಇನ್ನೊಬ್ಬರ ಬಿಲ್ಲಿಗೆ ತಾನಾಗಿ ಹರಿಯುವುದಿಲ್ಲ. ಆದ್ದರಿಂದ ಹಿಂದಿನ ವರ್ಷದ ಬಳಕೆಯ ಪ್ರಮಾಣದಲ್ಲಿ ಪಾಲು ಮಾಡಿ, ಬಂಡವಾಳವನ್ನೂ ಅದೇ ಪ್ರಮಾಣದಲ್ಲಿ ಹಾಕಿಸಿ.

ಗೃಹಜ್ಯೋತಿ ಮರೆಯಬೇಡಿ. ಸೊನ್ನೆ ಬಿಲ್ ಬರುವ ಮನೆಗೆ ಸೋಲಾರ್ ಯೂನಿಟ್ ಹಚ್ಚಿದರೆ ಆ ಮನೆಗೂ ಲಾಭವಿಲ್ಲ, ಘಟಕಕ್ಕೂ ಇಲ್ಲ. 200 ಯೂನಿಟ್ ದಾಟುವ ಮನೆಗಳಿಗೇ ದೊಡ್ಡ ಪಾಲು ಕೊಡಿ. ಯಾವ ಯಾವ ಆರ್‌ಆರ್ ನಂಬರ್ ಯೋಜನೆಯಲ್ಲಿದೆ, ಸೋಲಾರ್ ಸೇರಿದ ಮೇಲೆ ಬಿಲ್ ಹೇಗೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಉಪವಿಭಾಗದಿಂದ ಬರಹದಲ್ಲೇ ಪಡೆಯಿರಿ. ನಿಗದಿತ ಶುಲ್ಕ ಮಂಜೂರಾದ ಲೋಡಿನ ಮೇಲೆ ಬರುವುದರಿಂದ ಸೋಲಾರ್ ಅದನ್ನು ಇಳಿಸುವುದಿಲ್ಲ.

ಉತ್ತರ 4 (ಅದೇ ಅಳವಡಿಕೆಯವರು): ಇನ್ನೂ ಕೆಲವು ಮಾತು. ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರ್) ದೂರದ ಲೈನಿನಲ್ಲಿ ಮಧ್ಯಾಹ್ನ ವೋಲ್ಟೇಜ್ 253 ದಾಟಿ ಇನ್ವರ್ಟರ್ ಟ್ರಿಪ್ ಆಗುತ್ತದೆ, ಬಿಸಿಲು ಜೋರಿದ್ದಾಗಲೇ ಉತ್ಪಾದನೆ ನಿಲ್ಲುತ್ತದೆ. ಎಸಿ ಕೇಬಲ್ ದಪ್ಪ ಹಾಕಿಸಿ. ಆಮೇಲೂ ನಿಲ್ಲದಿದ್ದರೆ ಇನ್ವರ್ಟರ್‌ನ ವೋಲ್ಟೇಜ್ ದಾಖಲೆ ತೆಗೆದು ಸೆಕ್ಷನ್ ಆಫೀಸಿಗೆ ಬರೆದು ಕೊಡಿ. ಕರೆಂಟ್ ಹೋದಾಗ ಘಟಕವೂ ನಿಲ್ಲುತ್ತದೆ, ಕಂಬದ ಮೇಲಿರುವ ಲೈನ್‌ಮನ್ ಜೀವ ಕಾಯುವ ವ್ಯವಸ್ಥೆ ಅದು. ಪ್ಯಾನೆಲ್ ಮೇಲೆ ಕೂತ ಮಂಡಕ್ಕಿ ಭಟ್ಟಿಗಳ ಕಡೆಯ ಮಸಿ ಬರೀ ನೀರಿಗೆ ಬಿಡುವುದಿಲ್ಲ, ಸೌಮ್ಯ ಸೋಪಿನ ನೀರು ಮತ್ತು ಮೆತ್ತನೆ ಬ್ರಷ್ ಬೇಕು. ಬೋರ್‌ವೆಲ್ಲಿನ ಗಡಸು ನೀರು ಗಾಜಿನ ಮೇಲೇ ಒಣಗಿದರೆ ಬಿಳಿ ಕಲೆ ಕೂರುತ್ತದೆ. ಬಿಸಿಲೇರುವ ಮೊದಲೇ ತೊಳೆದು ರಬ್ಬರ್ ಪಟ್ಟಿಯಿಂದ ಎಳೆದುಬಿಡಿ.

ಪ್ರಶ್ನೆ ಕೇಳಿದವರು: ಬಾಡಿಗೆಯವರು ಬಿಟ್ಟು ಹೋದರೆ?

ಉತ್ತರ 2: ಪಾಲು ವ್ಯಕ್ತಿಯ ಹೆಸರಿಗಲ್ಲ, ಆರ್‌ಆರ್ ನಂಬರಿಗೆ ಎಂದು ಒಪ್ಪಂದದಲ್ಲಿ ಬರೆಯಿರಿ. ಬಂಡವಾಳ ಮಾಲೀಕರದ್ದು, ಬಿಲ್ ಉಳಿತಾಯದಲ್ಲಿ ಬಾಡಿಗೆಯವರಿಗೆ ಎಷ್ಟು ಎಂಬುದನ್ನು ಬಾಡಿಗೆ ಕರಾರಿನಲ್ಲೇ ಸೇರಿಸಿ. ಮನೆ ಮಾರಿದರೆ ಪಾಲಿನ ಬೆಲೆ ಕಟ್ಟುವ ಕ್ರಮವೂ ಇರಲಿ.

ನಿಯಮದಲ್ಲೇ ಇದು ಗಟ್ಟಿಯಾಗಬೇಕಿದ್ದರೆ ದಾರಿಯಿದೆ. 2003ರ ವಿದ್ಯುತ್ ಕಾಯ್ದೆಯ 181ನೇ ಕಲಮಿನಂತೆ ಆಯೋಗ ಯಾವ ನಿಯಮವನ್ನಾದರೂ ಮೊದಲು ಕರಡಾಗಿ ಪ್ರಕಟಿಸಲೇಬೇಕು, 182ರಂತೆ ಅದು ವಿಧಾನಮಂಡಲದ ಮುಂದೆ ಹೋಗುತ್ತದೆ. ಕರಡು ಬಂದಾಗ "ಸೋಲಾರ್ ಬೇಕು" ಎಂದು ಬರೆದರೆ ಸಾಲದು. ಬಾಡಿಗೆದಾರರ ಮೀಟರಿಗೂ ಪಾಲು, ವರ್ಷಕ್ಕೆರಡು ಸಲ ಪಾಲು ಬದಲಿಸುವ ಅವಕಾಶ, ಉಳಿಕೆ ಯೂನಿಟ್ ಅದೇ ಘಟಕದ ಇನ್ನೊಂದು ಮನೆಗೆ ವರ್ಗ: ಒಂದೊಂದಕ್ಕೂ ನಿಯಮದ ಭಾಷೆಯಲ್ಲೇ ವಾಕ್ಯ ಬರೆದು, ಜೊತೆಗೆ ನಿಮ್ಮ 12 ಮನೆಗಳ ಯೂನಿಟ್ ಪಟ್ಟಿ ಲಗತ್ತಿಸಿ. ಸ್ಥಳೀಯ ಶಾಸಕರಿಗೂ ಅದೇ ಪ್ರತಿ ಕೊಡಿ. ಸಾರ್ವಜನಿಕ ಹಿತದ ನೀತಿಯ ವಿಚಾರದಲ್ಲಿ ಸರ್ಕಾರ ಆಯೋಗಕ್ಕೆ ನಿರ್ದೇಶನ ಕೊಡಲು 108ನೇ ಕಲಮು ಇದೆ.