ಸರಾಸರಿ ಜವ: ಎರಡನ್ನೂ ಕೂಡಿ ಎರಡರಿಂದ ಭಾಗಿಸಿದರೆ ಯಾಕೆ ತಪ್ಪು?

ಪ್ರಶ್ನೆ:
ಲೆಕ್ಕ ಹೀಗಿದೆ. ಒಬ್ಬಳು ಸೈಕಲ್‌ನಲ್ಲಿ ಹೋಗುವಾಗ ಗಂಟೆಗೆ 20 ಕಿ.ಮೀ., ಅದೇ ದಾರಿಯಲ್ಲಿ ವಾಪಸ್ ಬರುವಾಗ ಗಂಟೆಗೆ 30 ಕಿ.ಮೀ. ಜವದಲ್ಲಿ ಬರುತ್ತಾಳೆ. ಸರಾಸರಿ ಜವ ಎಷ್ಟು? ಉತ್ತರ 24 ಅಂತ ಕೊಟ್ಟಿದ್ದಾರೆ. 25 ಯಾಕಲ್ಲ? ಅದೂ ಅಲ್ಲದೆ ದೂರವನ್ನೇ ಕೊಟ್ಟಿಲ್ಲ, ದೂರ ಗೊತ್ತಿಲ್ಲದೆ ಲೆಕ್ಕ ಶುರು ಮಾಡುವುದಾದರೂ ಹೇಗೆ? ಸೂತ್ರ ಬೇಡ, ಕಾರಣ ಹೇಳಿ.

ಉತ್ತರ 1:
ದೂರ ಕೊಟ್ಟಿಲ್ಲ ಅಂದರೆ ನಾವೇ ಒಂದು ಇಟ್ಟುಕೊಳ್ಳೋಣ. 20ಕ್ಕೂ 30ಕ್ಕೂ ಸರಿಯಾಗಿ ಭಾಗವಾಗುವ 60 ಕಿ.ಮೀ. ಇರಲಿ. ಹೋಗಲು 3 ಗಂಟೆ, ಬರಲು 2 ಗಂಟೆ. ಒಟ್ಟು ದೂರ 120, ಒಟ್ಟು ಕಾಲ 5 ಗಂಟೆ, ಭಾಗಿಸಿದರೆ 24. ಕಾರಣ ಇಲ್ಲೇ ಕಾಣುತ್ತದೆ ನೋಡಿ: ನಿಧಾನವಾಗಿ ಹೋದ ಹೊತ್ತು ಜಾಸ್ತಿ, ಹಾಗಾಗಿ ಸರಾಸರಿ 20ರ ಕಡೆಗೆ ವಾಲುತ್ತದೆ. 60ರ ಬದಲು 600 ಇಟ್ಟು ಮಾಡಿ, ಆಗಲೂ 24 ಬರುತ್ತದೆ. ದೂರವನ್ನು d ಅಂತ ಬರೆದರೆ ಮೇಲೆ 2d, ಕೆಳಗೆ d/20 + d/30 ಅಂದರೆ d/12. d ಹೊಡೆದು ಹೋಗುತ್ತದೆ.

ಉತ್ತರ 2:
25 ಬರುವ ಲೆಕ್ಕವೂ ಇದೆ. ಒಂದು ಗಂಟೆ 20ರಲ್ಲಿ, ಇನ್ನೊಂದು ಗಂಟೆ 30ರಲ್ಲಿ ಹೋದರೆ 2 ಗಂಟೆಗೆ 50 ಕಿ.ಮೀ., ಸರಾಸರಿ 25. ಅದಕ್ಕೇ ಪ್ರಶ್ನೆ ಓದುವಾಗ ‘ಅರ್ಧ ದೂರ’ ಅಂದಿದ್ದಾರೋ ‘ಅರ್ಧ ಕಾಲ’ ಅಂದಿದ್ದಾರೋ ನೋಡಿ ಅಡಿಗೆರೆ ಹಾಕಿಕೊಳ್ಳಿ. ಎರಡು ಜವಗಳು a, b ಆದರೆ ಸರಾಸರಿ 2ab/(a+b) ಅಂತ ಸುಮ್ನೆ ಬಾಯಿಪಾಠ ಮಾಡಬೇಡಿ, ಅದು ಎರಡು ಸಮ ದೂರಗಳಿಗೆ ಮಾತ್ರ. ದಾರಿ ಮೂರು ತುಂಡಾದರೆ ಅಥವಾ ನಡುವೆ ಅರ್ಧ ಗಂಟೆ ನಿಂತರೆ ಕೈಕೊಡುತ್ತದೆ. ನಿಂತ ಹೊತ್ತೂ ಒಟ್ಟು ಕಾಲಕ್ಕೆ ಸೇರುತ್ತದೆ, ತುಂಬಾ ಜನ ಇದನ್ನೇ ಬಿಡುತ್ತಾರೆ.

ಪ್ರಶ್ನೆ ಕೇಳಿದವರು:
ಈಗ ಸ್ಪಷ್ಟವಾಯಿತು, ಥ್ಯಾಂಕ್ಸ್. ಹಾಗಾದರೆ ಹೋಗುವಾಗ 20 ಇದ್ದು, ಒಟ್ಟು ಸರಾಸರಿ 40 ಬರಬೇಕಾದರೆ ವಾಪಸ್ 60ರಲ್ಲಿ ಬಂದರೆ ಸಾಲದು ಅಲ್ವಾ? ಎಷ್ಟಿರಬೇಕು?

ಉತ್ತರ 1:
ಒಳ್ಳೆ ಪ್ರಶ್ನೆ. 60ರಲ್ಲಿ ಬಂದರೆ ಸರಾಸರಿ 30 ಅಷ್ಟೇ. 180ರಲ್ಲಿ ಬಂದರೂ 36. 40 ಅಂತೂ ಆಗುವುದೇ ಇಲ್ಲ! ಅದೇ 60 ಕಿ.ಮೀ. ದಾರಿ ತೆಗೆದುಕೊಳ್ಳಿ. 120 ಕಿ.ಮೀ.ಗೆ ಸರಾಸರಿ 40 ಬೇಕಾದರೆ ಒಟ್ಟು 3 ಗಂಟೆಯಲ್ಲಿ ಮುಗಿಯಬೇಕು. ಆ 3 ಗಂಟೆ ಹೋಗುವಾಗಲೇ ಖರ್ಚಾಗಿದೆ, ವಾಪಸ್ ಬರಲು ಒಂದು ಸೆಕೆಂಡೂ ಉಳಿದಿಲ್ಲ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಇದೇ ಲೆಕ್ಕದಲ್ಲಿ ಸರಾಸರಿ ವೇಗ ಕೇಳಿದರೆ ಉತ್ತರ ಸೊನ್ನೆ. ಜವಕ್ಕೆ ಒಟ್ಟು ದೂರ ಲೆಕ್ಕ, ವೇಗಕ್ಕೆ ಸ್ಥಾನಪಲ್ಲಟ, ಅಂದರೆ ಹೊರಟ ಜಾಗದಿಂದ ಮುಗಿಸಿದ ಜಾಗಕ್ಕಿರುವ ನೇರ ಅಂತರ. ಇಲ್ಲಿ ಹೊರಟಲ್ಲಿಗೇ ವಾಪಸ್ ಬಂದಿದ್ದಾಳೆ, ಸ್ಥಾನಪಲ್ಲಟ ಇಲ್ಲ. ಪರೀಕ್ಷೆಯಲ್ಲಿ ಜವ ಕೇಳಿದ್ದಾರಾ ವೇಗ ಕೇಳಿದ್ದಾರಾ ಅಂತ ಮೊದಲು ನೋಡಿಕೊಳ್ಳಿ.