ಅಪ್ಪನ ಹೊಟ್ಟೆ ಮೇಲಿನ ಬ್ಯಾಗ್ ದಿನಾ ಲೀಕ್ ಆಗ್ತಿದೆ, ಸುತ್ತ ಚರ್ಮ ಹಸಿ ಗಾಯ ಆಗಿದೆ, ಗೊತ್ತಿರೋರು ಹೇಳಿ

ಚಳ್ಳಕೆರೆ_ಮಗಳು:
ನಮಸ್ಕಾರ. ನಮ್ಮಪ್ಪಂಗೆ 58 ವರ್ಷ. ಟೈಫಾಯ್ಡ್ ಆಗಿ ಸಣ್ಣ ಕರುಳು ತೂತು ಬಿದ್ದು ರಾತ್ರೋರಾತ್ರಿ ಆಪರೇಷನ್ ಆಯ್ತು, ಕರುಳನ್ನ ಹೊಟ್ಟೆ ಮೇಲೆ ತಂದು ಬ್ಯಾಗ್ ಹಾಕಿದಾರೆ, ಇಲಿಯೋಸ್ಟಮಿ ಅಂತ ಚೀಟೀಲಿದೆ. ಮೂರು ತಿಂಗಳಾದ್ಮೇಲೆ ವಾಪಸ್ ಒಳಗೆ ಸೇರಿಸ್ತಾರಂತೆ. ಮನೆಗೆ ಬಂದು 4 ವಾರ ಆಯ್ತು. ಮೊದಲ ವಾರ ಚೆನ್ನಾಗಿತ್ತು, ಈಗ ಹಾಕಿದ ಬ್ಯಾಗ್ ಸಾಯಂಕಾಲಕ್ಕೆ ಬಿಟ್ಕೊಳ್ಳುತ್ತೆ, ಸುತ್ತ ಚರ್ಮ ಕೆಂಪಗಾಗಿ ನೀರಾಡ್ತಿದೆ, ಉರಿ ಉರಿ ಅಂತಾರೆ, ಡೆಟಾಲ್ ಹಾಕಿ ಒರೆಸಿ ಕೊಬ್ಬರಿ ಎಣ್ಣೆ ಸವರ್ತಾ ಇದೀನಿ ಆದ್ರೂ ವಾಸಿಯಾಗ್ತಿಲ್ಲ. ಇನ್ನೊಂದು, ನಮ್ಮ ಕಡೆ ಬಿಸಿಲು ಜಾಸ್ತಿ ಅಂತ ನೀರು ಚೆನ್ನಾಗಿ ಕುಡಿಸ್ತೀವಿ, ಆದ್ರೂ ನಾಲಿಗೆ ಒಣಗುತ್ತೆ, ಎದ್ದು ನಿಂತ್ರೆ ತಲೆ ಸುತ್ತುತ್ತೆ, ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ. ಬ್ಯಾಗ್ ತುಂಬುತ್ತೆ ಅಂತ ಊಟಾನೇ ಬಿಟ್ಬಿಟ್ಟಿದಾರೆ, ನೆಂಟರು ಬಂದ್ರೆ ರೂಮಿಂದ ಹೊರಗೆ ಬರಲ್ಲ. ಅಮ್ಮ ಬ್ಯಾಗ್ ನೋಡಿದ್ರೇ ಅಳ್ತಾರೆ, ಎಲ್ಲಾ ನಾನೇ ಮಾಡ್ಬೇಕು.

ಸರ್ಜರಿ_ವಾರ್ಡ್_ಸಿಸ್ಟರ್:
ಮೊದಲು ತಲೆ ಸುತ್ತೋ ವಿಷಯ ಹೇಳ್ತೀನಮ್ಮ, ಚರ್ಮ ಆಮೇಲೆ. ನಾಳೆ ಬೆಳಿಗ್ಗೇನೇ ಕರ್ಕೊಂಡು ಹೋಗಿ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನೈನ್ (ಕಿಡ್ನಿ ಹೇಗಿದೆ ಅಂತ ತೋರಿಸೋದು) ರಕ್ತಪರೀಕ್ಷೆ ಮಾಡಿಸಿ. ಇಲಿಯೋಸ್ಟಮೀಲಿ ದೊಡ್ಡ ಕರುಳಿಗೆ ಕೆಲಸಾನೇ ಇರಲ್ಲ, ಸಣ್ಣ ಕರುಳು ಬಿಟ್ಟ ನೀರು ಉಪ್ಪು ಹೀರ್ಕೊಳ್ಳೋದು ಅದೇ ತಾನೆ, ಹಾಗಾಗಿ ಬರೀ ನೀರು ಕುಡಿಸಿದಷ್ಟೂ ಅದು ಉಪ್ಪನ್ನೂ ಎಳ್ಕೊಂಡು ಬ್ಯಾಗಿಗೇ ಬರುತ್ತೆ. ನೀವು ಪ್ರೀತಿಯಿಂದಾನೇ ಕುಡಿಸಿದೀರಿ, ಆದ್ರೆ ಅವರ ಮೈಗೆ ಬೇಕಾಗಿರೋದು ಓಆರ್‌ಎಸ್. ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ, 1 ಲೀಟರಿನ ಪ್ಯಾಕೆಟ್‌ನ ಒಂದು ಲೋಟಕ್ಕೆ ಹಾಕೋದು ನಮ್ಮ ವಾರ್ಡಲ್ಲೇ ಎಷ್ಟೋ ಸಲ ನೋಡಿದೀನಿ, ಹಾಗೆ ಮಾಡಬೇಡಿ. ಗುಟುಕು ಗುಟುಕಾಗಿ ದಿನಪೂರ್ತಿ. ಬಿಪಿ ಮಾತ್ರೆ ಏನಾದ್ರೂ ತಗೋತಿದ್ರೆ ಡಾಕ್ಟರಿಗೆ ಹೇಳಿ.

ಬ್ಯಾಗಿಂದ ಬಂದಿದ್ದನ್ನ ಅಳತೆ ಜಗ್ಗಿಗೆ ಸುರಿದು ನೋಟ್‌ಬುಕ್ಕಲ್ಲಿ ಬರೀರಿ, ಮೂತ್ರಾನೂ ಬರೀರಿ. ದಿನಕ್ಕೆ 500ರಿಂದ 800 ಎಂಎಲ್, ಒಂದೊಂದು ದಿನ 1 ಲೀಟರ್ ತನಕ ಬಂದ್ರೆ ಪರವಾಗಿಲ್ಲ. ಒಂದೂವರೆ ಲೀಟರ್ ದಾಟಿದ್ರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಅವರು ಬ್ಯಾಗಿಗೆ ಬರೋದನ್ನ ಕಡಿಮೆ ಮಾಡೋ ಲೊಪೆರಮೈಡ್ ಥರದ ಮಾತ್ರೆ ಕೊಡಬಹುದು, ನೀವಾಗೇ ಶುರು ಮಾಡಬೇಡಿ.

ಇನ್ನು ಚರ್ಮ. ಆಪರೇಷನ್ ಆದಾಗ ಸ್ಟೋಮಾ (ಹೊಟ್ಟೆ ಮೇಲೆ ತಂದಿರೋ ಕರುಳಿನ ಬಾಯಿ) ಊದಿರುತ್ತೆ, 6ರಿಂದ 8 ವಾರದಲ್ಲಿ ಕುಗ್ಗುತ್ತೆ. ಡಿಸ್ಚಾರ್ಜ್ ದಿನ ಕತ್ತರಿಸಿಕೊಟ್ಟ ಅಳತೇಲೇ ಇನ್ನೂ ಪ್ಲೇಟ್ (ಬ್ಯಾಗನ್ನ ಚರ್ಮಕ್ಕೆ ಅಂಟಿಸೋ ಭಾಗ) ಕತ್ತರಿಸ್ತಿದೀರಿ ಅನ್ಸುತ್ತೆ. ತೂತು ದೊಡ್ಡದಾಯ್ತು, ಖಾಲಿ ಉಳಿದ ಚರ್ಮದ ಮೇಲೆ ಜೀರ್ಣರಸ ಬೀಳ್ತಿದೆ, ಅದು ಅನ್ನ ಕರಗಿಸೋ ರಸ, ಚರ್ಮಾನೂ ಬಿಡಲ್ಲ. ಡಬ್ಬೀಲಿ ಅಳತೆ ಕಾರ್ಡ್ ಇರುತ್ತೆ, ಪ್ರತಿ ವಾರ ಅಳೆದು ಸ್ಟೋಮಾಗಿಂತ 2–3 ಮಿಮೀ ಅಷ್ಟೇ ದೊಡ್ಡದಾಗಿ ಕತ್ತರಿಸಿ. ಡೆಟಾಲ್ ನಿಲ್ಲಿಸಿ, ಎಣ್ಣೇನೂ ನಿಲ್ಲಿಸಿ (ಎಣ್ಣೆ ಮೇಲೆ ಗಮ್ ಹಿಡಿಯಲ್ಲ). ಉಗುರುಬೆಚ್ಚಗಿನ ನೀರು, ಹಳೇ ಕಾಟನ್ ಬಟ್ಟೆ ಸಾಕು. ಹಸಿಯಾಗಿರೋ ಜಾಗಕ್ಕೆ ಸ್ಟೋಮಾ ಪೌಡರ್ ಉದುರಿಸಿ, ಅಂಟಿದ್ದು ಬಿಟ್ಟು ಮಿಕ್ಕಿದ್ದನ್ನ ಒರೆಸಿಬಿಡಿ, ಪ್ಲೇಟನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿ ಅಂಟಿಸಿ ಮೇಲೆ ಎರಡು ನಿಮಿಷ ಕೈ ಇಟ್ಕೊಳ್ಳಿ. ಸ್ಟೋಮಾ ಮುಟ್ಟೋಕೆ ಹೆದರಬೇಡಿ, ಅದಕ್ಕೆ ನೋವು ಗೊತ್ತಾಗಲ್ಲ, ಒರೆಸುವಾಗ ಚೂರು ರಕ್ತ ಬಂದ್ರೂ ಗಾಬರಿ ಬೇಡ. ಕೆಂಪಗೆ ಒದ್ದೆಯಾಗಿದ್ರೆ ಚೆನ್ನಾಗಿದೆ ಅಂತ. ನೇರಳೆ ಇಲ್ಲಾ ಕಪ್ಪು ಬಣ್ಣಕ್ಕೆ ತಿರುಗಿದ್ರೆ, ಅಥವಾ ನಾಲ್ಕಾರು ಗಂಟೆ ಏನೂ ಬರದೆ ಹೊಟ್ಟೆ ಹಿಂಡಿ ವಾಂತಿ ಆಗ್ತಿದ್ರೆ ಸೀದಾ ಎಮರ್ಜೆನ್ಸಿಗೆ ಹೋಗಿ.

ಬ್ಯಾಗ್_ಇದ್ದವನು:
ಸಿಸ್ಟರ್ ಹೇಳಿದ್ದೆಲ್ಲಾ ಸರಿ ಅಕ್ಕ. ನನಗೂ ಕರುಳಿನ ಟಿಬಿ ಆಗಿ ಐದು ತಿಂಗಳು ಬ್ಯಾಗ್ ಇತ್ತು. ಒಂದು ಕೇಳ್ತೀನಿ, ಅಪ್ಪ ಪಂಚೆ ಕಟ್ತಾರಾ? ಪ್ಲೇಟ್ ಮೇಲೇ ಗಂಟು ಬಂದ್ರೆ ಒಳಗೆ ತುಂಬಿದ್ದು ಕೆಳಗೆ ಇಳಿಯಲ್ಲ, ಅಲ್ಲೇ ನಿಂತು ಗಮ್ ಬಿಡಿಸುತ್ತೆ, ನನಗೆ ಇದು ಗೊತ್ತಾಗೋಕೇ ಒಂದು ತಿಂಗಳು ಹಿಡೀತು. ಮೂರನೇ ಒಂದು ಭಾಗ ತುಂಬಿದ ಕೂಡ್ಲೆ ಖಾಲಿ ಮಾಡಿ, ಬದಲಾಯಿಸೋದು ಬೆಳಿಗ್ಗೆ ಕಾಫಿಗೆ ಮುಂಚೆ, ಆಗ ಕಡಿಮೆ ಬರುತ್ತೆ. ಊಟ ಬಿಡೋಕೆ ಮಾತ್ರ ಬಿಡಬೇಡಿ, ಬಿಟ್ರೂ ಬ್ಯಾಗಿಗೆ ನೀರು ಗಾಳಿ ಬರೋದು ನಿಲ್ಲಲ್ಲ, ಮೈ ಮಾತ್ರ ಇಳಿಯುತ್ತೆ. ಮೆತ್ತಗಿನ ಅನ್ನ ಮೊಸರು, ಉಪ್ಪು ಹಾಕಿದ ಗಂಜಿ, ಬಾಳೆಹಣ್ಣು, ಮೊಟ್ಟೆ ನನಗೆ ಹಿಡಿಸ್ತು. ಕೊಬ್ಬರಿ ಚೂರು, ಮೆಕ್ಕೆಜೋಳ, ಕಡಲೆಕಾಳು ಈಗ ಬೇಡ, ಸಿಕ್ಕಾಕೊಳ್ಳುತ್ತೆ. ಮತ್ತೆ ಬ್ಯಾಗ್ ಖಾಲಿ ಮಾಡೋದನ್ನ ಅವರಿಗೇ ಕಲಿಸಿಕೊಡಿ. ನನ್ನ ಹೆಂಡತಿ ಮಾಡ್ತಿದ್ದಷ್ಟು ದಿನ ನನಗೆ ಮುಖ ಎತ್ತೋಕೆ ಆಗ್ತಿರಲಿಲ್ಲ, ನಾನೇ ಮಾಡ್ಕೊಂಡ ದಿನ ಪಕ್ಕದ ಅಂಗಡಿ ತನಕ ನಡ್ಕೊಂಡು ಹೋಗಿ ಬಂದೆ.

ಚಳ್ಳಕೆರೆ_ಮಗಳು:
ಐದು ದಿನ ಆದ್ಮೇಲೆ ಬರೀತಿದೀನಿ. ಸೋಡಿಯಂ ಕಡಿಮೆ ಇತ್ತು, ಎರಡು ದಿನ ಅಡ್ಮಿಟ್ ಮಾಡಿ ಡ್ರಿಪ್ ಹಾಕಿದ್ರು. ಅಳೆದು ನೋಡಿದ್ರೆ ಸ್ಟೋಮಾ 28 ಮಿಮೀ, ನಾನು ಕತ್ತರಿಸ್ತಾ ಇದ್ದದ್ದು 40! ಈಗಿನ ಪ್ಲೇಟ್ ಮೂರನೇ ದಿನಾನೂ ಗಟ್ಟಿಯಾಗಿದೆ, ಉರಿ ಕಡಿಮೆ ಅಂತಾರೆ. ಪಂಚೆ ವಿಷಯ ನಿಜ ಅಣ್ಣ, ಈಗ ಗಂಟು ಪ್ಲೇಟ್ ಮೇಲೆ ಬರದಂಗೆ ಸಡಿಲ ಪೈಜಾಮ ಹೊಲಿಸಿದೀನಿ. ಇವತ್ತು ಅಪ್ಪನೇ ಕ್ಲಿಪ್ ತೆಗೆದು ಖಾಲಿ ಮಾಡಿದ್ರು, ಅಮ್ಮ ಜಗ್ ಹಿಡ್ಕೊಂಡು ನಿಂತಿದ್ರು. ಸಿಸ್ಟರ್, ರಾತ್ರಿ ಎಷ್ಟು ಗಂಟೆಗೊಮ್ಮೆ ಎಬ್ಬಿಸಬೇಕು?

ಸರ್ಜರಿ_ವಾರ್ಡ್_ಸಿಸ್ಟರ್:
ಸದ್ಯಕ್ಕೆ ಮಲಗೋ ಮುಂಚೆ ಒಮ್ಮೆ, ನಡುರಾತ್ರಿ ದಾಟಿ ಎರಡು ಮೂರು ಗಂಟೆ ಹೊತ್ತಿಗೆ ಒಮ್ಮೆ ಖಾಲಿ ಮಾಡಿ. ರಾತ್ರಿ ಊಟ ಏಳಕ್ಕೇ ಮುಗಿಸಿದ್ರೆ ಅದೂ ಕಡಿಮೆಯಾಗುತ್ತೆ. ನೋಟ್‌ಬುಕ್ ಬರೆಯೋದು ನಿಲ್ಲಿಸಬೇಡಿ, ಮುಂದಿನ ಸಲ ಡಾಕ್ಟರ್ ಹತ್ರ ಹೋಗುವಾಗ ತಗೊಂಡೇ ಹೋಗಿ.