ಸೆಲ್ಟಿಕ್ ಕ್ರಾಸ್ ಹಾಕಿದಾಗಲೆಲ್ಲ ಹೆಚ್ಚಿನ ಕಾರ್ಡುಗಳು ಉಲ್ಟಾ ಬರುತ್ತಿವೆ, ಹೇಗೆ ಓದಬೇಕು?

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ರೈಡರ್-ವೇಟ್ ಎಂಬ ಚಿತ್ರದ ಕಾರ್ಡುಗಳಲ್ಲಿ ಟ್ಯಾರೋ, ಅಂದರೆ ಕಾರ್ಡು ನೋಡಿ ಫಲ ಹೇಳುವುದನ್ನು, ಕಲಿಯುತ್ತಿದ್ದೇನೆ. ಮನೆಯವರಿಗೆ ಮತ್ತು ಅಕ್ಕಪಕ್ಕದವರಿಗೆ ಮಾತ್ರ ಓದುತ್ತೇನೆ, ಹಣ ತೆಗೆದುಕೊಳ್ಳುವುದಿಲ್ಲ. ಹತ್ತು ಕಾರ್ಡುಗಳನ್ನು ಗೊತ್ತಾದ ಜಾಗಗಳಲ್ಲಿ ಇಡುವ ಸೆಲ್ಟಿಕ್ ಕ್ರಾಸ್ ಹಾಕಿದರೆ ಏಳೆಂಟು ಕಾರ್ಡುಗಳು ಉಲ್ಟಾ, ಅಂದರೆ ಚಿತ್ರ ತಲೆಕೆಳಗಾಗಿ, ಬೀಳುತ್ತವೆ. ಯಾವಾಗಲೋ ಒಮ್ಮೆ ಅಲ್ಲ, ಹೆಚ್ಚುಕಡಿಮೆ ಪ್ರತಿ ಸಲವೂ ಹೀಗೆಯೇ.

ಮೊನ್ನೆ ಪಕ್ಕದ ಮನೆಯ ಅಕ್ಕ ಮಂಡಿಪೇಟೆಯಲ್ಲಿ ಮಳಿಗೆ ಬಾಡಿಗೆಗೆ ಹಿಡಿದು ಹೊಲಿಗೆ ಅಂಗಡಿ ತೆರೆಯಬಹುದೇ ಎಂದು ಕೇಳಿದರು. ಈಗಿನ ಸ್ಥಿತಿಯ ಜಾಗದಲ್ಲಿ ಏಟ್ ಆಫ್ ಪೆಂಟಕಲ್ಸ್ ಎಂಬ ಕಾರ್ಡು, ಕೊನೆಯ ಫಲದ ಜಾಗದಲ್ಲಿ ದಿ ಸನ್ ಎಂಬ ಕಾರ್ಡು ಬಂದವು. ಎರಡೂ ಉಲ್ಟಾ. ಪುಸ್ತಕದಲ್ಲಿ ಮೊದಲನೆಯದಕ್ಕೆ ದುರಾಸೆ, ಬಡ್ಡಿ ವ್ಯವಹಾರ ಎಂದೆಲ್ಲ ಇದೆ. ಓದಿ ಹೇಳುತ್ತಿದ್ದಂತೆ ಅಕ್ಕನ ಮುಖ ಸಣ್ಣದಾಯಿತು. ವರ್ಷಗಟ್ಟಲೆ ಮನೆಯಲ್ಲೇ ಹೊಲಿದು ಹಣ ಕೂಡಿಟ್ಟವರು ಅವರು. ಉಲ್ಟಾ ಕಾರ್ಡುಗಳನ್ನು ಓದುವುದನ್ನೇ ಬಿಟ್ಟುಬಿಡಲೇ?

ಉತ್ತರ (ಚಿತ್ರದುರ್ಗ)

ಅರ್ಥಕ್ಕೆ ಹೋಗುವ ಮೊದಲು ಕೈಯನ್ನು ಗಮನಿಸಬೇಕು, ತಂಗಿ. ಎಪ್ಪತ್ತೆಂಟು ಕಾರ್ಡುಗಳನ್ನೂ ನೇರವಾಗಿ ಜೋಡಿಸಿ, ಕಲಸದೆ, ನಿಮ್ಮ ರೂಢಿಯಂತೆ ಮೇಲಿನಿಂದ ಕೆಲವನ್ನು ಮಗುಚಿ ನೋಡಿ. ಪಕ್ಕದ ಅಂಚು ಹಿಡಿದು ಎಡದಿಂದ ಬಲಕ್ಕೆ ಮಗುಚಿದರೆ ಚಿತ್ರ ನೇರವಾಗಿಯೇ ಇರುತ್ತದೆ. ನಿಮ್ಮ ಕಡೆಯ ಕೆಳ ಅಂಚು ಹಿಡಿದು ಮೇಲಕ್ಕೆತ್ತಿ ಆಚೆಗೆ ಮಗುಚಿದರೆ ನೇರ ಇದ್ದ ಕಾರ್ಡೂ ಉಲ್ಟಾ ಆಗುತ್ತದೆ. ಇಸ್ಪೀಟು ಕಲಸುವ ರೀತಿಯಲ್ಲಿ ಕೈಯಲ್ಲಿ ಹಿಡಿದು ಕಲಸಿದರೆ ಕಾರ್ಡುಗಳ ಸ್ಥಾನ ಬದಲಾಗುತ್ತದೆಯೇ ಹೊರತು ದಿಕ್ಕು ಬದಲಾಗುವುದಿಲ್ಲ. ಹೀಗಾಗಿ ಬಹುಪಾಲು ನೇರವಾಗಿರುವ ಕಟ್ಟು ಮೇಜಿನ ಮೇಲೆ ಬಹುಪಾಲು ಉಲ್ಟಾ ಕಾಣುತ್ತದೆ.

ಇನ್ನೊಂದು ಪ್ರಶ್ನೆ: ಕೇಳುವವರು ಎದುರು ಕುಳಿತು ಕಟ್ಟನ್ನು ಕಲಸಿ ನಿಮಗೆ ಕೊಡುತ್ತಾರೆಯೇ? ಹಾಗಿದ್ದರೆ ಇಡೀ ಕಟ್ಟು ಆ ಕೈಯಿಂದ ಈ ಕೈಗೆ ಬರುವಾಗಲೇ ತಿರುಗಿರಬಹುದು.

ಲೆಕ್ಕದಲ್ಲೂ ಒಂದು ಮಾತು. ಸೆಲ್ಟಿಕ್ ಕ್ರಾಸಿನ ಎರಡನೆಯ ಕಾರ್ಡು ಅಡ್ಡ ಮಲಗುತ್ತದೆ. ಅದನ್ನು ನೇರವೆಂದೇ ಓದುವುದು ರೂಢಿ. ಉಳಿಯುವುದು ಒಂಬತ್ತು. ನೇರ, ಉಲ್ಟಾ ಎರಡಕ್ಕೂ ಸಮಾನ ಅವಕಾಶವಿದ್ದರೆ ಒಂಬತ್ತರಲ್ಲಿ ಏಳು ಅಥವಾ ಹೆಚ್ಚು ಉಲ್ಟಾ ಬರುವುದು ಸುಮಾರು ಹನ್ನೊಂದಕ್ಕೆ ಒಂದು ಸಲ. ಅಪರೂಪಕ್ಕೆ ಬಂದರೆ ಸಹಜ, ಪ್ರತಿ ಸಲ ಬಂದರೆ ಖಂಡಿತ ಕಾರಣವಿದೆ.

ಉತ್ತರ (ಹರಿಹರ)

ನಾನು ಉಲ್ಟಾ ಕಾರ್ಡುಗಳನ್ನು ಓದುವುದೇ ಇಲ್ಲ, ತಿರುಗಿಸಿ ನೇರ ಮಾಡಿ ಅಕ್ಕಪಕ್ಕದ ಕಾರ್ಡುಗಳ ಜೊತೆ ಹೊಂದಿಸಿ ನೋಡುತ್ತೇನೆ. ಕ್ರೌಲಿಯವರ ಥಾತ್ ಎಂಬ ಇನ್ನೊಂದು ಬಗೆಯ ಟ್ಯಾರೋ ಕಾರ್ಡು ಬಳಸುವ ಬಹಳ ಮಂದಿಯದೂ ಇದೇ ಪದ್ಧತಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವ ಪದ್ಧತಿ ಎಂಬುದು ಕಲಸುವ ಮೊದಲೇ ತೀರ್ಮಾನವಾಗಿರಬೇಕು. ಬಿದ್ದ ಕಾರ್ಡು ಹಿಡಿಸಲಿಲ್ಲ ಎಂದು ಮಧ್ಯದಲ್ಲಿ ನಿಯಮ ಬದಲಿಸಬಾರದು.

ಪ್ರಶ್ನೆ ಕೇಳಿದವರು

ಅಣ್ಣ, ನೀವು ಹೇಳಿದಂತೆ ಜೋಡಿಸಿ ನೋಡಿದೆ. ಮಗುಚಿದ ಎಲ್ಲವೂ ಉಲ್ಟಾ ಬಂದವು! ಕಾರಣ ತಿಳಿಯಿತು. ಇನ್ನು ಮುಂದೆ ಪಕ್ಕದಿಂದಲೇ ಮಗುಚುತ್ತೇನೆ. ಆದರೂ ಆಗೊಮ್ಮೆ ಈಗೊಮ್ಮೆ ಉಲ್ಟಾ ಬಂದೇ ಬರುತ್ತದೆಯಲ್ಲ, ಆಗ ಕೆಟ್ಟದ್ದೆಂದೇ ಹೇಳಬೇಕೇ? ಅಕ್ಕನಿಗೆ ಈಗ ಏನು ಹೇಳಲಿ?

ಉತ್ತರ (ಚಿತ್ರದುರ್ಗ)

ಕೆಟ್ಟದ್ದೆಂದು ಹೇಳಲೇಬೇಡಿ. ಉಲ್ಟಾ ಎಂದರೆ ಅಶುಭ ಎಂಬ ಭಯ ನಮ್ಮಲ್ಲಿ ಬೇಗ ಬೇರೂರುತ್ತದೆ, ಅದನ್ನು ಓದುವವರೇ ಬಿತ್ತುವುದು ನನಗೆ ನಿಜಕ್ಕೂ ನೋವಿನ ಸಂಗತಿ. ವಾಣಿವಿಲಾಸ ಸಾಗರದಲ್ಲಿ ನೀರಿದ್ದರೂ ತೂಬು ಅರ್ಧ ಮುಚ್ಚಿದ್ದರೆ ನಾಲೆಗೆ ಅಷ್ಟೇ ಹರಿಯುತ್ತದೆ. ಉಲ್ಟಾ ಕಾರ್ಡನ್ನು ನಾನು ಓದುವುದು ಹೀಗೆ: ಶಕ್ತಿ ಅದೇ, ಹರಿವು ತಡೆದಿದೆ, ತಡವಾಗಿದೆ ಅಥವಾ ಒಳಮುಖವಾಗಿದೆ. ಯಾವುದು ಎಂಬುದನ್ನು ಪ್ರಶ್ನೆ ಮತ್ತು ಕಾರ್ಡು ಬಿದ್ದ ಜಾಗ ಹೇಳುತ್ತವೆ.

ನಿಮ್ಮ ಕಾರ್ಡುಗಳನ್ನು ರೂಪಿಸಿ ಅವುಗಳ ಅರ್ಥ ಬರೆದ ವೇಟ್ ಅವರೂ ಎಲ್ಲವನ್ನೂ ಕೇಡೆಂದು ಬರೆದವರಲ್ಲ. ಸನ್ ಉಲ್ಟಾ ಬಂದರೆ ಅದೇ ಸುಖ, ಆದರೆ ಸ್ವಲ್ಪ ಕಡಿಮೆ ಮಟ್ಟದಲ್ಲಿ ಎನ್ನುತ್ತಾರೆ. ಫೋರ್ ಆಫ್ ವಾಂಡ್ಸ್‌ಗೆ ಉಲ್ಟಾ ಆದರೂ ಅರ್ಥ ಬದಲಾಗದು ಎಂದಿದ್ದಾರೆ. ಟೆನ್ ಆಫ್ ಸ್ವೋರ್ಡ್ಸ್ ಚಿತ್ರದಲ್ಲಿ ಬೆನ್ನಿಗೆ ಹತ್ತು ಕತ್ತಿ ನಾಟಿದ ಮನುಷ್ಯನಿದ್ದಾನೆ. ಉಲ್ಟಾ ಆದಾಗ ಅದಕ್ಕೆ ಕೊಟ್ಟಿರುವುದು ಲಾಭ ಮತ್ತು ಯಶಸ್ಸು, ಶಾಶ್ವತವಲ್ಲ ಎಂಬ ಎಚ್ಚರಿಕೆಯೊಂದಿಗೆ.

ಈಗ ಅಕ್ಕನ ವಿಷಯ. ಎರಡೂ ಕಾರ್ಡು ನಿಮ್ಮ ಕೈಯಿಂದಲೇ ಉಲ್ಟಾ ಆಗಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಆ ಓದನ್ನು ಅಲ್ಲಿಗೇ ಬಿಟ್ಟು, ಹೊಸದಾಗಿ ಹಾಕುವುದಾಗಿ ಅವರಿಗೆ ಮನೆಗೆ ಹೋಗಿ ಹೇಳಿ. ಮುಂದೆ ಏಟ್ ಆಫ್ ಪೆಂಟಕಲ್ಸ್ ನಿಜವಾಗಿ ಉಲ್ಟಾ ಬಂದಾಗ ಮೊದಲು ಚಿತ್ರ ನೋಡಿ: ಬೆಂಚಿನ ಮೇಲೆ ಕುಳಿತು ಉಳಿ, ಸುತ್ತಿಗೆ ಹಿಡಿದು ನಾಣ್ಯ ಕೆತ್ತುವ ಕುಶಲಕರ್ಮಿ, ದೂರದಲ್ಲಿ ಊರು. ಹೊಲಿಗೆಯವರಿಗೆ ಇದು ಬಂದರೆ ಕೆಲಸ ಕೈಯಲ್ಲಿದೆ, ಊರಿನವರಿಗೆ ಇನ್ನೂ ತಲುಪಿಲ್ಲ ಎಂದು ನಾನು ಓದುತ್ತೇನೆ. ಅಲ್ಲಿಂದ ಕೇಳಬೇಕಾದ ಪ್ರಶ್ನೆಗಳು ಹುಟ್ಟುತ್ತವೆ: ಈಗಿರುವ ಗಿರಾಕಿಗಳು ಮಂಡಿಪೇಟೆಯವರೆಗೆ ಬರುತ್ತಾರೆಯೇ, ಮುಂಗಡ ಎಷ್ಟು, ಕೆಲಸ ಕಡಿಮೆಯಾದ ತಿಂಗಳಲ್ಲಿ ಬಾಡಿಗೆ ಎಲ್ಲಿಂದ? ಇವಕ್ಕೆ ಉತ್ತರ ಕಾರ್ಡಿನಲ್ಲಿಲ್ಲ, ಅಕ್ಕನ ಲೆಕ್ಕದ ಪುಸ್ತಕದಲ್ಲಿದೆ. ಕರಾರಿಗೆ ಸಹಿ ಹಾಕುವ ಮೊದಲು ಅದನ್ನು ಅವರ ಜೊತೆ ಕುಳಿತು ನೋಡಿ.

ಓದು ಮುಗಿದ ಮೇಲೆ ಪ್ರತಿ ಸಲವೂ ಕಟ್ಟನ್ನು ನೇರ ಮಾಡಿಡಿ. ಮುಂದಿನ ಸಲ ಉಲ್ಟಾ ಬೇಕೆಂದಿದ್ದರೆ ಕಟ್ಟನ್ನು ಎರಡು ಭಾಗ ಮಾಡಿ, ಒಂದನ್ನು ತಿರುಗಿಸಿ ಸೇರಿಸಿ, ಚೆನ್ನಾಗಿ ಕಲಸಿ.